ಕುದ್ರೋಳಿಯಿಂದ ಕಂಡ ಕಾಸರಗೋಡಿನ ಶಾಲೆ: ಮಕ್ಕಳ ಸಾಹಸ-ಹಾಸ್ಯ ಚಿತ್ರದಲ್ಲಿ ಬಹುತ್ವ ಮತ್ತು ಪ್ರಾತಿನಿಧ್ಯ

ಮಕ್ಕಳ ಗುಂಪೊಂದು ಮನೆ ಮತ್ತು ಶಾಲೆಗಳ ಆವರಣವನ್ನು ದಾಟಿ ಹೊರಟು, ಹಿರಿಯರಿಂದ ಆಗದ ಕಾರ್ಯವೊಂದನ್ನು ಸಾಧಿಸಿ ಮರಳುವ ಕಥೆ ಚಲನಚಿತ್ರ ಮಾಧ್ಯಮಕ್ಕೆ ಬಹುಕಾಲದಿಂದ ಪ್ರಿಯವಾದ ವಸ್ತು. ಕನ್ನಡದಲ್ಲಿ ಗೀತಪ್ರಿಯ ಅವರ ‘ಪುಟಾಣಿ ಏಜೆಂಟ್ 1-2-3’ (1979), ರಾಜೇಂದ್ರಸಿಂಗ್ ಬಾಬು ಅವರ ‘ಸಿಂಹದ ಮರಿ ಸೈನ್ಯ’ (1981) ಈ ಪರಂಪರೆಗೆ ಸೇರಿದ ಚಿತ್ರಗಳು. ಕುಟುಂಬ ಸಮೇತರಾಗಿ ನೋಡಿ ನಕ್ಕು ಮರೆಯಬಹುದಾದ ಮನರಂಜನೆಯೆಂದು ವಿಮರ್ಶೆಯು ಇಂಥ ಚಿತ್ರಗಳನ್ನು ಬದಿಗಿರಿಸಿದ್ದೇ ಹೆಚ್ಚು. ಆದರೆ ಒಂದು ಸಮಾಜವು ತನ್ನೊಳಗೆ ಯಾರನ್ನು ಸೇರಿಸಿಕೊಳ್ಳುತ್ತದೆ, ಯಾರನ್ನು ನೋಡಿ ನಗುತ್ತದೆ ಎಂಬುದನ್ನು ಅರಿಯಲು ಇವು ಗಂಭೀರ ಚಿತ್ರಗಳಿಗಿಂತ ಹೆಚ್ಚು ನೆರವಾಗುತ್ತವೆ. ಮಕ್ಕಳ ಗುಂಪಿನಲ್ಲಿ ಯಾರಿಗೆ ಜಾಗ ಉಂಟು, ಗುಂಪಿನ ಪರವಾಗಿ ಮಾತನಾಡುವವರು ಯಾರು, ನಗೆಗೆ ಗುರಿಯಾಗುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಈ ಚಿತ್ರಗಳು ತಮಗರಿವಿಲ್ಲದೆಯೇ ಉತ್ತರ ಕೊಟ್ಟಿರುತ್ತವೆ.

ಪ್ರಾತಿನಿಧ್ಯ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಸಮುದಾಯವನ್ನು ತೆರೆಯ ಮೇಲೆ ಕಾಣಿಸುವುದು ಮೊದಲನೆಯದು. ಆ ಸಮುದಾಯದ ಪರವಾಗಿ ಮಾತನಾಡುವುದು ಎರಡನೆಯದು. ರಿಷಬ್ ಶೆಟ್ಟಿ ಅವರ ನಿರ್ದೇಶನದಲ್ಲಿ 2018ರ ಆಗಸ್ಟ್‌ನಲ್ಲಿ ತೆರೆಕಂಡು, 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ಮನ್ನಣೆಗೆ ಪಾತ್ರವಾದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರದಲ್ಲಿ ಈ ಎರಡು ಅರ್ಥಗಳ ನಡುವೆ ಒಂದು ಬಿರುಕು ಇದೆ. ಈ ಬಿರುಕನ್ನು ಗುರುತಿಸುವುದು, ಅದರ ಕಾರಣವನ್ನು ಕರಾವಳಿಯ ಭಾಷಾಚರಿತ್ರೆಯಲ್ಲಿ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಗೆ ಇದೇ ಪ್ರಕಾರದ ಪ್ರಸಿದ್ಧ ಅಮೆರಿಕನ್ ಚಿತ್ರ ‘ದಿ ಗೂನೀಸ್’ (1985) ಅನ್ನೂ, ನೋಡುವ ನೆಲೆಯಾಗಿ ಮಂಗಳೂರು ನಗರದ ಕುದ್ರೋಳಿಯನ್ನೂ ಇಲ್ಲಿ ಬಳಸಿಕೊಳ್ಳಲಾಗಿದೆ.

ಕುದ್ರೋಳಿ ಎಂಬ ಅಳತೆಗೋಲು

ಕಾಸರಗೋಡಿನ ಕಥೆಯನ್ನು ಕುದ್ರೋಳಿಯಿಂದ ನೋಡುವುದಕ್ಕೆ ಕಾರಣವಿದೆ. 1956ರ ನವೆಂಬರ್ 1ರವರೆಗೆ ಈ ಎರಡೂ ಊರುಗಳು ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ತಲಪಾಡಿಯ ಗಡಿ ಆಡಳಿತವನ್ನು ಬೇರ್ಪಡಿಸಿತೇ ಹೊರತು ಜನಜೀವನವನ್ನಲ್ಲ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡಗಳು ಗಡಿಯ ಎರಡೂ ಕಡೆ ಮನೆ ಮತ್ತು ಮಾರುಕಟ್ಟೆಗಳಲ್ಲಿ ಹಾಗೆಯೇ ಉಳಿದವು. ಕಾಸರಗೋಡಿಗೆ ಸಪ್ತಭಾಷಾ ಸಂಗಮಭೂಮಿ ಎಂಬ ಹೆಸರಿದೆ. ಅಂಥ ಬಿರುದೇನೂ ಇಲ್ಲದೆ ಕುದ್ರೋಳಿ ಅದೇ ಬಾಳನ್ನು ನಗರದ ಒಂದು ಬಡಾವಣೆಯ ಅಳತೆಯಲ್ಲಿ ಬಾಳುತ್ತಿದೆ.

ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದ ಚರಿತ್ರೆ ಈ ಚರ್ಚೆಗೆ ವಿಶೇಷವಾಗಿ ಸಲ್ಲುತ್ತದೆ. ದೇವಾಲಯಗಳ ಪ್ರವೇಶದಿಂದ ಹೊರಗಿಡಲ್ಪಟ್ಟಿದ್ದ ತುಳು ಮಾತಿನ ಬಿಲ್ಲವರು ತಿರುವಾಂಕೂರಿನ ನಾರಾಯಣ ಗುರುಗಳನ್ನು ಬರಮಾಡಿಕೊಂಡರು. 1908ರಲ್ಲಿ ಮಂಗಳೂರಿಗೆ ಬಂದ ಗುರುಗಳು 1912ರಲ್ಲಿ ಇಲ್ಲಿ ಶಿವನನ್ನು ಪ್ರತಿಷ್ಠಾಪಿಸಿದರು. ಮಲಯಾಳದ ನಾಡಿನಿಂದ ಬಂದ ಸಂತನೊಬ್ಬ ತುಳುನಾಡಿನ ಹೊರಗಿಟ್ಟ ಜನರಿಗೆ ಒಳಬರುವ ಬಾಗಿಲನ್ನು ತೆರೆದ ಘಟನೆ ಇದು. ಅದೇ ಕುದ್ರೋಳಿಯಲ್ಲಿ ತೀಯ ಸಮುದಾಯದ ಭಗವತೀ ಕ್ಷೇತ್ರವಿದೆ, ಜಾಮಿಯಾ ಮಸೀದಿಯಿದೆ. ಭಾಷೆಯನ್ನೂ ನಾಡನ್ನೂ ಧರ್ಮವನ್ನೂ ಒಂದರ ಮೇಲೊಂದು ಸರಿಯಾಗಿ ಕೂಡುವ ಗೆರೆಗಳೆಂದು ಭಾವಿಸುವವರಿಗೆ ಈ ಕೇರಿ ತಕ್ಕ ಉತ್ತರ. ಕಾಸರಗೋಡಿನ ಶಾಲೆಯ ಚಿತ್ರ ಈ ಉತ್ತರವನ್ನು ಎಷ್ಟರಮಟ್ಟಿಗೆ ಅರಿತಿದೆ ಎಂಬುದೇ ಇಲ್ಲಿಯ ಪ್ರಶ್ನೆ.

ಭಾಷೆ ಬಾರದವರ ಮೇಲಿನ ನಗೆ

ರಿಚರ್ಡ್ ಡಾನರ್ ನಿರ್ದೇಶಿಸಿದ ‘ದಿ ಗೂನೀಸ್’ ಚಿತ್ರದ ಕಥಾಹಂದರ ಕಾಸರಗೋಡಿನ ಚಿತ್ರಕ್ಕೆ ಆಶ್ಚರ್ಯವೆನಿಸುವಷ್ಟು ಹತ್ತಿರದ್ದು. ಆಸ್ಟೋರಿಯಾ ಎಂಬ ಪಟ್ಟಣದ ಬಡ ಬಡಾವಣೆಯೊಂದನ್ನು ಕೆಡವಿ ಗಾಲ್ಫ್ ಮೈದಾನ ಮಾಡಲು ಸ್ಥಿತಿವಂತರು ಹೊರಟಿದ್ದಾರೆ. ಅಲ್ಲಿಯ ಮಕ್ಕಳು ಕಡಲ್ಗಳ್ಳನ ಹಳೆಯ ನಕ್ಷೆಯೊಂದನ್ನು ಹಿಡಿದು ನಿಧಿಯನ್ನು ಹುಡುಕಿ ತಮ್ಮ ಮನೆಗಳನ್ನು ಉಳಿಸಿಕೊಳ್ಳುತ್ತಾರೆ. ಎರಡೂ ಚಿತ್ರಗಳಲ್ಲಿ ಸಾಹಸದ ಗುರಿ ಹೊಸ ಲೋಕವೊಂದನ್ನು ಗೆಲ್ಲುವುದಲ್ಲ, ಇರುವ ನೆಲೆಯನ್ನು ಕಾಯ್ದುಕೊಳ್ಳುವುದು.

ಆ ಗುಂಪಿನಲ್ಲಿ ‘ಡಾಟಾ’ ಎಂಬ ಚೀನೀ ಮೂಲದ ಹುಡುಗನಿದ್ದಾನೆ. ಸೈಗಾನಿನಲ್ಲಿ ಹುಟ್ಟಿ ನಿರಾಶ್ರಿತನಾಗಿ ಅಮೆರಿಕಕ್ಕೆ ಬಂದ ಕೀ ಹುಯ್ ಕ್ವಾನ್ ಆ ಪಾತ್ರವನ್ನು ವಹಿಸಿದರು. ಏಷ್ಯಾ ಮೂಲದ ಬಾಲಕನೊಬ್ಬ ಗುಂಪಿನ ಸಮಾನ ಸದಸ್ಯನಾಗಿ ಕಾಣಿಸಿಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೂ ಅವನ ಉಚ್ಚಾರಣೆ, ಕೈಕೊಡುವ ಯಂತ್ರಗಳ ಮೇಲಿನ ಅವನ ಮೋಹ ಎರಡೂ ಸಿದ್ಧ ಮಾದರಿಯ ನಗೆಯ ಸರಕುಗಳಾಗಿಯೇ ಬಳಕೆಯಾಗಿವೆ. ಇದಕ್ಕಿಂತ ಗಮನಾರ್ಹವಾದುದು ರೋಸಲಿಟಾ ಎಂಬ ಮನೆಗೆಲಸದವಳ ಪ್ರಸಂಗ. ಸ್ಪ್ಯಾನಿಷ್ ಮಾತ್ರ ಬಲ್ಲ ಆಕೆಗೆ ಮನೆಯೊಡತಿ ಹೇಳುವ ಸೂಚನೆಗಳನ್ನು ಭಾಷಾಂತರಿಸಲು ಮುಂದಾಗುವ ಹುಡುಗನೊಬ್ಬ, ಒಡತಿ ಹೇಳಿದ ಸಾಧಾರಣ ಮಾತುಗಳನ್ನೆಲ್ಲ ಬೆದರಿಸುವ ಮಾತುಗಳಾಗಿ ತಿರುಚುತ್ತಾನೆ. ಪ್ರೇಕ್ಷಕ ನಗುತ್ತಾನೆ, ಆಕೆ ನಡುಗುತ್ತಾಳೆ. ಕೊನೆಯಲ್ಲಿ ರತ್ನಗಳ ಚೀಲ ಆಕೆಯ ಕೈಗೇ ಸಿಕ್ಕಿ ಬಡಾವಣೆ ಉಳಿಯುತ್ತದೆ ಎಂಬುದು ಚಿತ್ರ ತೋರುವ ಒಂದು ನ್ಯಾಯ. ಆದರೆ ನಿಧಿಯನ್ನು ಕಂಡ ಆಕೆಗೆ ತನ್ನ ಕಥೆಯನ್ನು ಹೇಳುವ ಅವಕಾಶ ಮಾತ್ರ ಸಿಕ್ಕುವುದಿಲ್ಲ.

ಭಾಷೆ ಬಾರದವನನ್ನು ನೋಡಿ ಭಾಷೆ ಬಲ್ಲವನು ನಗುವುದು ಈ ಪ್ರಕಾರದ ಹಳೆಯ ಚಟ. ಕಾಸರಗೋಡಿನ ಚಿತ್ರ ಈ ಚಟವನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಭಾಷೆ ಬಾರದೆ ನಗೆಗೀಡಾಗುವುದು ಅಧಿಕಾರದ ಕಡೆಯವರು. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸುವುದು ಕಾಸರಗೋಡಿನಲ್ಲಿ ಮತ್ತೆ ಮತ್ತೆ ಪ್ರತಿಭಟನೆಗೆ ಕಾರಣವಾದ ವಾಸ್ತವ ಸಂಗತಿ. ಚಿತ್ರವು ಆ ಕಹಿಯನ್ನು ಹಾಸ್ಯದ ವಸ್ತುವಾಗಿಸಿದೆ. ತರಗತಿಯ ಗಲಿಬಿಲಿಯಲ್ಲಿ ಪ್ರೇಕ್ಷಕನ ನಗೆ ಮಕ್ಕಳ ಅಜ್ಞಾನದ ಕಡೆಗೆ ಹರಿಯದೆ ವ್ಯವಸ್ಥೆಯ ಅಸಂಗತತೆಯ ಕಡೆಗೆ ಹರಿಯುತ್ತದೆ. ದುರ್ಬಲನು ಬಲಿಷ್ಠನನ್ನು ನೋಡಿ ನಗುವುದಕ್ಕೂ ಬಲಿಷ್ಠನು ದುರ್ಬಲನನ್ನು ನೋಡಿ ನಗುವುದಕ್ಕೂ ಇರುವ ನೈತಿಕ ಅಂತರವನ್ನು ಚಿತ್ರ ಚೆನ್ನಾಗಿ ಅರಿತಿದೆ.

ಕರಾವಳಿ ಕನ್ನಡದ ಸ್ಥಾನಪಲ್ಲಟ

ಚಿತ್ರದ ಎರಡನೆಯ ಸಾಧನೆ ಅದರ ಆಡುಮಾತಿನದು. ಕನ್ನಡ ಚಿತ್ರರಂಗದಲ್ಲಿ ಮಂಗಳೂರಿನ ಕನ್ನಡ ಬಹುಕಾಲ ಪೋಷಕ ಪಾತ್ರದ ಭಾಷೆಯಾಗಿತ್ತು. ಹೋಟೆಲಿನ ಮಾಲೀಕ, ಅಡುಗೆಯ ಭಟ್ಟ, ಬ್ಯಾಂಕಿನ ಗುಮಾಸ್ತ ಇವರ ಬಾಯಲ್ಲಿ ‘ಎಂತದು ಮಾರಾಯ’, ‘ಉಂಟು’, ‘ಬರ್ತದೆ’ ಎಂಬ ಮಾತುಗಳು ಬಂದರೆ ಸಾಕು, ಬೇರೆ ಹಾಸ್ಯ ಬೇಡ ಎಂಬಂತೆ ದೃಶ್ಯಗಳು ರಚನೆಯಾಗುತ್ತಿದ್ದವು. ‘ಉಳಿದವರು ಕಂಡಂತೆ’ (2014), ‘ಒಂದು ಮೊಟ್ಟೆಯ ಕಥೆ’ (2017) ಮುಂತಾದ ಚಿತ್ರಗಳು ಈ ಭಾಷೆಗೆ ನಾಯಕನ ಸ್ಥಾನವನ್ನು ಕೊಟ್ಟವು. ಕಾಸರಗೋಡಿನ ಚಿತ್ರ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ಇಡೀ ಊರಿನ ಸಹಜ ಭಾಷೆಯನ್ನಾಗಿಸಿತು. ಎಲ್ಲರೂ ಅದೇ ಮಾತನ್ನು ಆಡುವಾಗ ಮಾತು ಹಾಸ್ಯದ ವಸ್ತುವಾಗುವುದಿಲ್ಲ. ಹಾಸ್ಯ ಸನ್ನಿವೇಶದಿಂದ ಹುಟ್ಟಬೇಕಾಗುತ್ತದೆ. ಕಲಿಕೆಯಲ್ಲಿ ಹಿಂದುಳಿದ ಪ್ರವೀಣ, ಅವನ ಗೆಳೆಯರು, ಊರಿನ ಕೆಲಸಗಳಿಗೆಲ್ಲ ಮುಂದಾಗುವ ಭುಜಂಗ ಇವರ ನಡುವಿನ ಸಂಭಾಷಣೆ ನಗಿಸುವುದು ಈ ಕಾರಣದಿಂದಲೇ.

ಈ ಆಡುಮಾತಿನ ಸ್ವರೂಪವನ್ನು ಇನ್ನೊಂದು ದೃಷ್ಟಿಯಿಂದಲೂ ಗಮನಿಸಬೇಕು. ಕರಾವಳಿಯ ಕನ್ನಡ ಉಳಿದ ಪ್ರದೇಶಗಳ ಕಿವಿಗೆ ಗ್ರಾಂಥಿಕವಾಗಿ ಕೇಳಿಸುತ್ತದೆ. ಪದಾಂತ್ಯದ ಸ್ವರಗಳು ಅಲ್ಲಿ ಉಳಿದಿರುತ್ತವೆ, ಕ್ರಿಯಾಪದಗಳು ಬರಹಕ್ಕೆ ಹತ್ತಿರವಾಗಿರುತ್ತವೆ. ಇದಕ್ಕೆ ಕಾರಣ ಸ್ಪಷ್ಟ. ಹವ್ಯಕರು, ಕುಂದಾಪುರ ಭಾಗದವರು ಮುಂತಾಗಿ ಮನೆಯಲ್ಲೇ ಕನ್ನಡದ ಉಪಭಾಷೆಗಳನ್ನಾಡುವವರನ್ನು ಬಿಟ್ಟರೆ, ಇಲ್ಲಿಯ ಬಹುಪಾಲು ಜನರಿಗೆ ಕನ್ನಡ ತೊಟ್ಟಿಲಿನ ಭಾಷೆಯಲ್ಲ, ಶಾಲೆಯ ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಮಲಯಾಳ. ಶಾಲೆ, ಪತ್ರಿಕೆ, ಯಕ್ಷಗಾನದ ಬಯಲಾಟ, ಕೋರ್ಟು-ಕಚೇರಿಗಳಲ್ಲಿ ಕನ್ನಡ. ಅಂದರೆ ಬೆಂಗಳೂರಿನ ಚಿತ್ರಗಳು ನಕ್ಕಿದ್ದ ಆ ಮಾತಿನ ಧಾಟಿಯೇ ಒಂದು ಚಾರಿತ್ರಿಕ ಸಾಕ್ಷ್ಯ. ಹಲವು ಮನೆಮಾತುಗಳ ಜನ ಕನ್ನಡವನ್ನು ತಮ್ಮ ಸಾರ್ವಜನಿಕ ಭಾಷೆಯಾಗಿ ಕಲಿತು ಒಪ್ಪಿಕೊಂಡರು ಎಂಬುದಕ್ಕೆ ಅದು ಸಾಕ್ಷ್ಯ.

ಕಾಸರಗೋಡು ಪ್ರದೇಶದ ಸಾಹಿತ್ಯಚರಿತ್ರೆ ಇದನ್ನು ಪುಷ್ಟೀಕರಿಸುತ್ತದೆ. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಗಡಿನಾಡಿನ ಹೋರಾಟದ ಧ್ವನಿಯಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಸಾರಾ ಅಬೂಬಕರ್ (1936–2023) ಮುಸ್ಲಿಂ ಮನೆತನದಿಂದ ಬಂದು ಕನ್ನಡ ಶಾಲೆಯಲ್ಲಿ ಓದಿದವರು. ಮೂವರೂ ಕನ್ನಡದ ಲೇಖಕರಾದದ್ದು ಹುಟ್ಟಿನ ಬಲದಿಂದಲ್ಲ, ಕಲಿಕೆಯ ಬಲದಿಂದ. ಚಿತ್ರದ ಶೀರ್ಷಿಕೆ ಕೂಡ ಇದನ್ನೇ ಸೂಚಿಸುತ್ತದೆ. ಶಾಲೆಯ ನಾಮಫಲಕದ ರೂಪದಲ್ಲಿರುವ ಆ ಶೀರ್ಷಿಕೆಯಲ್ಲಿ ‘ಸರ್ಕಾರಿ’ ಎಂಬುದೂ ‘ಕೊಡುಗೆ’ ಎಂಬುದೂ ಒಟ್ಟಿಗೆ ಇವೆ. ಕೊಡುಗೆಯಿತ್ತವರ ಹೆಸರಿನ ಕೊನೆಯ ‘ರೈ’ ತುಳು ಮಾತಿನ ಬಂಟ ಮನೆತನವನ್ನು ನೆನಪಿಸುತ್ತದೆ. ತುಳುವನೊಬ್ಬ ಕನ್ನಡ ಶಾಲೆಗೆ ಕೊಡುಗೆ ನೀಡಿದ ಎಂಬ ಒಂದು ಸಾಲಿನ ಚರಿತ್ರೆ ಆ ಫಲಕದಲ್ಲಿದೆ. ಇಡೀ ಚಿತ್ರದ ಅತ್ಯಂತ ಆಳವಾದ ಹೇಳಿಕೆ ಬಹುಶಃ ಅದರ ಹೆಸರೇ.

ಮಲಯಾಳದ ಎರಡು ಮುಖ

ಇಷ್ಟು ಸೂಕ್ಷ್ಮವಾದ ಚಿತ್ರ ಮಲಯಾಳವನ್ನು ಚಿತ್ರಿಸುವಲ್ಲಿ ಮಾತ್ರ ಸರಳತೆಯ ಕಡೆಗೆ ವಾಲುತ್ತದೆ. ಶಾಲೆಯನ್ನು ಮುಚ್ಚಲು ಹವಣಿಸುವ ಅಧಿಕಾರಿಯ ಭಾಷೆ ಮಲಯಾಳ. ಆದ್ದರಿಂದ ಮಲಯಾಳವೆಂದರೆ ಕಚೇರಿಯ ಆದೇಶ, ಹೊರಗಿನಿಂದ ಬಂದ ಒತ್ತಡ ಎಂಬ ಭಾವನೆ ಕಥೆಯ ಉದ್ದಕ್ಕೂ ಬಲಿಯುತ್ತದೆ. ಈ ಭಾವನೆಗೆ ವಾಸ್ತವದ ಆಧಾರವಿಲ್ಲವೆನ್ನುವಂತಿಲ್ಲ. ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಲು ಕೇರಳವು 2017ರಲ್ಲಿ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಅಲ್ಪಸಂಖ್ಯಾತರ ಆತಂಕವನ್ನು ತೆರೆಗೆ ತರುವ ಹಕ್ಕು ಚಿತ್ರಕ್ಕೆ ಇದೆ. ಆದರೆ ಒಂದು ಆಡಳಿತದ ನೀತಿಯನ್ನೂ ಒಂದು ಭಾಷೆಯನ್ನೂ ಬೇರ್ಪಡಿಸಿ ನೋಡುವ ಕೆಲಸ ಪ್ರೇಕ್ಷಕನಿಗೇ ಉಳಿದುಬಿಟ್ಟಿದೆ.

ವಿಶೇಷವೆಂದರೆ ಚಿತ್ರದ ಹಾಸ್ಯಭಾಗ ಈ ಸರಳತೆಯನ್ನು ತಾನೇ ಮುರಿಯುತ್ತದೆ. ಕನ್ನಡ ಶಾಲೆಯ ಹುಡುಗರ ಗುಂಪಿನಲ್ಲಿ ಒಬ್ಬನ ಹೆಸರು ಮಮ್ಮುಟ್ಟಿ. ಮಲಯಾಳ ಚಿತ್ರರಂಗದ ಮೇರುನಟನ ಹೆಸರು ಕನ್ನಡ ತರಗತಿಯ ಬೆಂಚಿನಲ್ಲಿ ಕುಳಿತಿದೆ. ಯಾರಿಗೂ ಅದು ವಿಚಿತ್ರವೆನಿಸುವುದಿಲ್ಲ. ಕಾಸರಗೋಡಿನ ಮಗುವಿಗೆ ಮಲಯಾಳ ಕೇವಲ ಅಧಿಕಾರಿಯ ಭಾಷೆಯಲ್ಲ, ಚಿತ್ರಮಂದಿರದ, ಬಸ್ಸಿನ, ಪಕ್ಕದ ಮನೆಯ ಭಾಷೆಯೂ ಹೌದು ಎಂಬ ಸತ್ಯ ಆ ಒಂದು ಹೆಸರಿನಲ್ಲಿದೆ. ವಾದ ಮರೆತದ್ದನ್ನು ನಗೆ ನೆನಪಿಟ್ಟುಕೊಂಡಿದೆ.

ಕುದ್ರೋಳಿಯಿಂದ ನೋಡುವವರಿಗೆ ಈ ಸಂಗತಿ ಇನ್ನಷ್ಟು ಸ್ಪಷ್ಟ. ಒಂದು ನೂರು ವರ್ಷಗಳ ಹಿಂದೆ ಇಲ್ಲಿಗೆ ದಕ್ಷಿಣದಿಂದ ಬಂದ ಮಲಯಾಳ ಮಾತಿನ ಗುರುವು ಯಾರ ಭಾಷೆಯನ್ನೂ ಕಸಿಯಲಿಲ್ಲ. ಬಿಲ್ಲವರು ತುಳುವರಾಗಿಯೇ ಉಳಿದು ಆತನನ್ನು ತಮ್ಮವನೆಂದು ಸ್ವೀಕರಿಸಿದರು. ಗಡಿಯ ಆಚೆಯಿಂದ ಬರುವುದು ಒಂದೊಮ್ಮೆ ಬಿಡುಗಡೆಯೂ ಆಗಿರಬಹುದೆಂಬ ಈ ನೆನಪಿಗೆ ಚಿತ್ರದಲ್ಲಿ ಎಡೆಯಿಲ್ಲ. ಸುವೀರನ್ ಎಂಬ ಮಲಯಾಳಿ ನಿರ್ದೇಶಕ ಮಾಡಿದ ‘ಬ್ಯಾರಿ’ ಚಿತ್ರ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡು, ಕರಾವಳಿಯ ಮುಸ್ಲಿಮರ ಮನೆಮಾತನ್ನು ದೇಶದ ಮುಂದೆ ಇಟ್ಟದ್ದು ಇದೇ ಗಡಿಯ ಇನ್ನೊಂದು ನಿದರ್ಶನ.

ಗುಂಪಿನೊಳಗಿನ ಮೌನಗಳು

ಭಾಷೆಯ ಪ್ರಶ್ನೆಯನ್ನು ಮುಂದಿಟ್ಟ ಚಿತ್ರ ಉಳಿದ ಭೇದಗಳನ್ನು ಹಿಂದಕ್ಕೆ ಸರಿಸಿದೆ. ಗುಂಪು ಹುಡುಗರದು, ಸಾಹಸವೂ ಮುಖ್ಯವಾಗಿ ಅವರದೇ. ಪಲ್ಲವಿ ಎಂಬ ಬಾಲಕಿಯ ಪಾತ್ರ ಪ್ರವೀಣನ ಎಳೆಯ ಆಕರ್ಷಣೆಯ ಕೇಂದ್ರವಾಗಿಯೇ ಹೆಚ್ಚಾಗಿ ಕಾಣಿಸುತ್ತದೆ. ಶಾಲೆ ಮುಚ್ಚಿದರೆ ಅತಿ ಹೆಚ್ಚು ಕಳೆದುಕೊಳ್ಳುವವರು ಹೆಣ್ಣುಮಕ್ಕಳು ಎಂಬುದನ್ನು ನೆನೆದರೆ ಈ ಕೊರತೆ ದೊಡ್ಡದು. ಹತ್ತಿರದ ಶಾಲೆ ಇಲ್ಲವಾದಾಗ ಹುಡುಗ ದೂರದ ಶಾಲೆಗೆ ಹೋದಾನು. ಹುಡುಗಿಯ ಓದು ಅಲ್ಲಿಗೇ ನಿಲ್ಲುವ ಮನೆಗಳು ಹಿಂದೆ ಇದ್ದವು, ಇಂದೂ ಇಲ್ಲವೆನ್ನಲಾಗದು. ಸಾರಾ ಅಬೂಬಕರ್ ಅವರ ಬರಹದ ಹಿಂದಿರುವುದು ಇಂಥದೇ ಶಾಲೆಯ ಬಾಗಿಲು. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಹುಟ್ಟಲು ಕಾಸರಗೋಡಿನ ಹುಡುಗಿಯೊಬ್ಬಳು ಕನ್ನಡ ಅಕ್ಷರಗಳನ್ನು ಕಲಿಯಬೇಕಾಗಿತ್ತು. ಕನ್ನಡ ಶಾಲೆಯ ಪರವಾಗಿ ಇದಕ್ಕಿಂತ ಬಲವಾದ ವಾದವನ್ನು ಯಾವ ವಕೀಲನೂ ಮಂಡಿಸಲಾರ. ಹಾಗೆಯೇ ಜಾತಿಯ ಪ್ರಶ್ನೆಯನ್ನು ಚಿತ್ರ ಮುಟ್ಟುವುದಿಲ್ಲ. ಕನ್ನಡಿಗರೆಲ್ಲರೂ ಒಂದೇ ದನಿಯ ಒಂದೇ ಸಮುದಾಯ ಎಂಬ ಕಲ್ಪನೆಗೆ ತೊಡಕಾಗುವ ವಿಷಯಗಳು ತೆರೆಯಿಂದ ಹೊರಗೇ ಉಳಿದಿವೆ.

ಮೈಸೂರಿನಿಂದ ಬಂದ ಧ್ವನಿ

ಚಿತ್ರದ ಉತ್ತರಾರ್ಧದಲ್ಲಿ ಮಕ್ಕಳ ತಂಡ ಮೈಸೂರಿಗೆ ಪ್ರಯಾಣ ಮಾಡಿ ಅನಂತಪದ್ಮನಾಭ ಎಂಬ ಹಿರಿಯರನ್ನು ಕರೆತರುತ್ತದೆ. ಅನಂತನಾಗ್ ನಿರ್ವಹಿಸಿದ ಈ ಪಾತ್ರ ಚಿತ್ರಕ್ಕೆ ಹೊಸ ಲವಲವಿಕೆಯನ್ನು ತಂದಿದೆ. ನ್ಯಾಯಾಲಯದಲ್ಲಿ ಅವರು ಮಂಡಿಸುವ ದೀರ್ಘವಾದ ವಾದ ಪ್ರೇಕ್ಷಕರ ಮೆಚ್ಚುಗೆಯನ್ನು ಗಳಿಸಿತು. ಅಭಿನಯದ ದೃಷ್ಟಿಯಿಂದ ಆ ಮೆಚ್ಚುಗೆ ಯೋಗ್ಯವಾದುದೇ. ಆದರೆ ಪ್ರಾತಿನಿಧ್ಯದ ಎರಡನೆಯ ಅರ್ಥ ಇಲ್ಲಿ ಎದುರಾಗುತ್ತದೆ. ಅಲ್ಲಿಯವರೆಗೆ ತಮ್ಮ ಮಾತು, ತಮ್ಮ ನಗೆಗಳಿಂದ ತೆರೆಯನ್ನು ತುಂಬಿದ್ದ ಮಕ್ಕಳು ನಿರ್ಣಾಯಕ ಗಳಿಗೆಯಲ್ಲಿ ಕೇಳುಗರಾಗುತ್ತಾರೆ. ಗಡಿನಾಡಿನ ಪರವಾಗಿ ಒಳನಾಡು ಮಾತನಾಡುತ್ತದೆ. ‘ದಿ ಗೂನೀಸ್’ ಚಿತ್ರದ ರೋಸಲಿಟಾಳಿಗೆ ನಿಧಿ ಸಿಕ್ಕಿತು, ಮಾತು ಸಿಗಲಿಲ್ಲ. ಕಾಸರಗೋಡಿನ ಮಕ್ಕಳಿಗೆ ಶಾಲೆ ಸಿಕ್ಕಿತು, ವಾದದ ಮಾತು ಹಿರಿಯರದಾಯಿತು.

ಇದು ಕೇವಲ ಕಥಾತಂತ್ರದ ದೋಷವಲ್ಲ. ಒಳನಾಡಿನಿಂದ ಬರುವ ಕನ್ನಡದ ವಾದ ಸಹಜವಾಗಿಯೇ ‘ತಾಯ್ನುಡಿ’ಯ ವಾದವಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವನ್ನು ಒದಗಿಸಬೇಕೆಂದು ಹೇಳುವ, 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350-ಎ ವಿಧಿಯೂ ಅದೇ ಪದವನ್ನು ಬಳಸುತ್ತದೆ. ಆದರೆ ತುಳು, ಬ್ಯಾರಿ, ಕೊಂಕಣಿ ಮನೆಗಳಿಂದ ಕನ್ನಡ ಶಾಲೆಗೆ ಬರುವ ಮಗುವಿನ ಮಾತೃಭಾಷೆ ಯಾವುದು? ಕಠಿಣಾರ್ಥದಲ್ಲಿ ಅದು ಕನ್ನಡವಲ್ಲ. ಈ ತೊಡಕಿಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ಕರ್ನಾಟಕದ ಶಿಕ್ಷಣ ಮಾಧ್ಯಮದ ಪ್ರಕರಣದಲ್ಲಿ ನೀಡಿದ ತೀರ್ಪು ಒಂದು ಪರಿಹಾರವನ್ನು ಸೂಚಿಸುತ್ತದೆ. ಸಂವಿಧಾನದ ಸಂದರ್ಭದಲ್ಲಿ ಮಾತೃಭಾಷೆಯೆಂದರೆ ಭಾಷಾ ಅಲ್ಪಸಂಖ್ಯಾತರ ಭಾಷೆ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿಗಳು ಅಥವಾ ಪೋಷಕರು ಎಂಬುದು ಆ ತೀರ್ಪಿನ ಆಶಯ. ಕರ್ನಾಟಕ ಸರ್ಕಾರಕ್ಕೆ ಸೋಲಾಗಿದ್ದ ಆ ತೀರ್ಪೇ ಕಾಸರಗೋಡಿನ ಕನ್ನಡಕ್ಕೆ ಆಸರೆಯಾಗಬಲ್ಲದೆಂಬುದು ಚರಿತ್ರೆಯ ವಿನೋದ. ಕಾಸರಗೋಡಿನ ಕನ್ನಡ ಹುಟ್ಟಿನಿಂದ ಬಂದದ್ದಕ್ಕಿಂತ ಆರಿಸಿಕೊಂಡದ್ದು. ಅದರ ಬಲವಿರುವುದೂ ಅಲ್ಲಿಯೇ. ಈ ಮಾತನ್ನು ಹೇಳಲು ಮೈಸೂರಿನ ಹಿರಿಯರಿಗಿಂತ ಮನೆಯಲ್ಲಿ ಬೇರೆ ಮಾತನಾಡಿ ಶಾಲೆಯಲ್ಲಿ ಕನ್ನಡ ಓದುವ ಮಗುವೇ ಹೆಚ್ಚು ಅರ್ಹ.

ಉಪಸಂಹಾರ

ಒಟ್ಟಿನಲ್ಲಿ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರದಲ್ಲಿ ಎರಡು ದೃಷ್ಟಿಗಳು ಜೊತೆಜೊತೆಯಾಗಿ ಸಾಗುತ್ತವೆ. ಅದರ ಹಾಸ್ಯ ಬಹುತ್ವವನ್ನು ಬಲ್ಲದು. ಅದರ ವಾದ ಏಕತ್ವವನ್ನು ಬಯಸುತ್ತದೆ. ನಾಮಫಲಕದ ತುಳು ಹೆಸರು, ಬೆಂಚಿನ ಮೇಲಿನ ಮಮ್ಮುಟ್ಟಿ, ಶಾಲೆಯಲ್ಲಿ ಕಲಿತ ಕನ್ನಡದ ಧಾಟಿ ಇವೆಲ್ಲ ಹೇಳುವ ಕಥೆ ನ್ಯಾಯಾಲಯದಲ್ಲಿ ಹೇಳಿದ ಕಥೆಗಿಂತ ದೊಡ್ಡದು. ಮಕ್ಕಳ ಚಿತ್ರವೊಂದು ಇಷ್ಟನ್ನು ಒಳಗೊಂಡಿದೆಯೆಂಬುದೇ ಅದರ ಹಿರಿಮೆ. ತಾನು ಕಂಡದ್ದನ್ನು ಪೂರ್ತಿಯಾಗಿ ನಂಬಲಿಲ್ಲವೆಂಬುದು ಅದರ ಮಿತಿ.

ಈ ಚಿತ್ರ ಎತ್ತಿಹಿಡಿಯುವ ತತ್ತ್ವ ತಲಪಾಡಿಯ ಒಂದೇ ಬದಿಗೆ ಅನ್ವಯಿಸತಕ್ಕದ್ದಲ್ಲ. ಕಾಸರಗೋಡಿನ ಕನ್ನಡ ಮಗುವಿನ ಪರವಾಗಿ ಚಪ್ಪಾಳೆ ತಟ್ಟಿದ ಪ್ರೇಕ್ಷಕ, ಮಂಗಳೂರಿನ ತರಗತಿಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮನೆಗಳಿಂದ ಬಂದು ಕುಳಿತ ಮಗುವಿನ ಕಡೆಗೂ ತಿರುಗಿ ನೋಡಬೇಕು. ತುಳು ಮತ್ತು ಕೊಂಕಣಿಗಳಿಗೆ ರಾಜ್ಯದ ಸಾಹಿತ್ಯ ಅಕಾಡೆಮಿಗಳು 1994ರಲ್ಲಿ ಆರಂಭವಾದವು, ಬ್ಯಾರಿಗೆ 2007ರಲ್ಲಿ. ಕರಾವಳಿಯ ಶಾಲೆಗಳಲ್ಲಿ ತುಳು ಐಚ್ಛಿಕ ತೃತೀಯ ಭಾಷೆಯಾಗಿ 2010ರಲ್ಲಿ ಪ್ರವೇಶ ಪಡೆಯಿತು. ಇವೆಲ್ಲ ಅದೇ ದಿಕ್ಕಿನ ತಡವಾದ ಹೆಜ್ಜೆಗಳು. ಕುದ್ರೋಳಿಯ ಕೇರಿಯಲ್ಲಿ ಆಡುವ ಮಕ್ಕಳ ಗುಂಪು ಮನೆಗೊಂದು ಮಾತನಾಡಿ ಆಟಕ್ಕೆ ಇನ್ನೊಂದು ಮಾತನ್ನು ಆರಿಸಿಕೊಳ್ಳುತ್ತದೆ. ಯಾರ ಪರವಾಗಿಯೂ ಯಾರೂ ಮಾತನಾಡಬೇಕಾದ ಅಗತ್ಯ ಅಲ್ಲಿ ಬೀಳುವುದಿಲ್ಲ. ಆ ಗುಂಪು ತನ್ನ ಮಾತಿನಲ್ಲಿಯೇ ತನ್ನ ವಾದವನ್ನೂ ಮಂಡಿಸುವ ಚಿತ್ರ ಕರಾವಳಿಯಿಂದ ಬರಬೇಕಾಗಿದೆ.